ಕೈಗುಣ ಅಲ್ಲ ಅಜ್ಜಿ, ಜಾಗ!

ಭಾಗ 1/10

ಮೊದಲ ಫೋಟೋದಲ್ಲಿ ಕುಂಡದೊಳಗೆ ಒಣಗಿ ನಿಂತಿರೋ ಕಡ್ಡಿ ಕಾಣ್ತಿದೆಯಲ್ಲ, ಅದು ಮೇ ತಿಂಗಳಲ್ಲಿ ಮೈತುಂಬ ಮೊಗ್ಗು ಬಿಟ್ಟಿದ್ದ ದುಂಡುಮಲ್ಲಿಗೆ. ಡಿಸೆಂಬರ್‌ಗೆ ಈ ಗತಿ.

ಅದು ನನ್ನ ಅಜ್ಜಿಯ ಗಿಡ. ತಿಪಟೂರಿನ ಕಡೆಯ ಊರಿನ ಮನೆಗೆ ಬೀಗ ಹಾಕಿ, ಮಂಡಿನೋವು ಅಂತ ಹೋದ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ನಮ್ಮ ಜೊತೆ ಇರೋಕೆ ಬಂದ್ರು. ಬಂದ ವಾರದಲ್ಲೇ ಕೇಳಿದ್ದು ಒಂದೇ ಒಂದು: "ಒಂದು ಮಲ್ಲಿಗೆ ಗಿಡ ತಂದುಕೊಡ್ತೀಯೇನಮ್ಮ?" ತಂದೆ. ನಮ್ಮ ಬಾಡಿಗೆ ಮನೆಗೆ ಇರೋದು ಒಂದೇ ಬಾಲ್ಕನಿ, ಉತ್ತರಕ್ಕೆ ಮುಖ. ಅಲ್ಲೇ ಇಟ್ಟೆ. ಮೊದಲೆರಡು ತಿಂಗಳು ಅಜ್ಜಿ ಬೆಳಗ್ಗೆ ಬೆಳಗ್ಗೆ ಮೊಗ್ಗು ಬಿಡಿಸಿ ಕಟ್ಟಿ ದೇವರಿಗೆ ಇಟ್ಟು, ಉಳಿದಿದ್ದು ನನ್ನ ಜಡೆಗೆ. ಆಮೇಲೆ ಎಲೆ ಹಳದಿ. ನಾನು ಜಾಸ್ತಿ ನೀರು ಹಾಕಿದೆ. ಇನ್ನೂ ಹಳದಿ. ಇನ್ನೂ ನೀರು. ಸತ್ತೇ ಹೋಯ್ತು. ಇನ್ನೊಂದು ತಂದೆ. ಅದೂ ಸತ್ತಿತು.

ಎರಡನೇದು ಹೋದ ದಿನ ಅಜ್ಜಿ ಹೇಳಿದ್ದು: "ನನ್ನ ಕೈಗುಣ ಊರಲ್ಲೇ ಉಳೀತು ಕಣಮ್ಮ." ಆವತ್ತಿಂದ ಬಾಲ್ಕನಿಗೆ ಬರೋದನ್ನೇ ಬಿಟ್ರು.

ನಂಗೆ ಗಿಡ ಸತ್ತಿದ್ದಕ್ಕಿಂತ ಆ ಮಾತು ಚುಚ್ಚಿತು. ನಾನು ಓದೋದು ಬಿಕಾಂ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ಲಿಲ್ಲ ಅಂದ್ರೆ 'ನನ್ನ ಕೈಗುಣ ಸರಿ ಇಲ್ಲ' ಅಂತ ಪೆನ್ ಕೆಳಗಿಡ್ತೀವಾ? ಎಂಟ್ರಿ ಎಲ್ಲಿ ತಪ್ಪಿದೆ ಅಂತ ಹುಡುಕ್ತೀವಿ. ಹಾಗೆ ಹುಡುಕ್ತಾ ಹೋದವಳು 1760ಕ್ಕೆ ಹೋಗಿ ಮುಟ್ಟಿದೆ. ಬನ್ನಿ, ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ.

ಭಾಗ 2/10

ಲಾಲ್‌ಬಾಗ್‌ಗೆ ನೀವು ಹೋಗಿರ್ತೀರಿ. ಫ್ಲವರ್ ಶೋಗೆ, ಬಂಡೆ ಮೇಲೆ ಕೂತು ಫೋಟೋ ತೆಗೆಯೋಕೆ, ಇಲ್ಲಾ ಕ್ಲಾಸ್ ಬಂಕ್ ಮಾಡಿ. ಆದ್ರೆ ಅದನ್ನ ಶುರು ಮಾಡಿದ್ದು ಯಾಕೆ, ಹೇಗೆ ಅಂತ ಯೋಚಿಸಿದ್ದೀರಾ?

1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ಈ ತೋಟ ಶುರು ಮಾಡಿಸಿದ. ಮಾದರಿ ಎಲ್ಲಿಂದ ಬಂತು? ನಮ್ಮ ತುಮಕೂರು ಜಿಲ್ಲೆಯ ಸಿರಾದಿಂದ! ಅಲ್ಲಿ ಮೊಗಲರ ಕಾಲದ ತೋಟ ಇತ್ತು. ಹೈದರ್ ಆದಮೇಲೆ ಟಿಪ್ಪು ದೂರದೂರದಿಂದ ಗಿಡ, ಬೀಜ ತರಿಸಿ ತೋಟ ಬೆಳೆಸಿದ.

1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ. ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತೋಕೆ ಬಂದ. ಬೆಳೆ, ಮಣ್ಣು, ಕಸುಬು, ಎಲ್ಲಾ ಬರ್ಕೊಂಡ. ಈ ತೋಟಗಳ ಬಗ್ಗೆಯೂ ಬರೆದಿದ್ದಾನೆ. ಅವನ ಕಣ್ಣಿಗೆ ಬಿದ್ದಿದ್ದು ಏನು ಗೊತ್ತಾ? ಚೌಕ ಚೌಕ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಪಕ್ಕ ಸೈಪ್ರೆಸ್ ಮರ. ಒಂದು ಚೌಕಕ್ಕೆ ಒಂದೇ ಜಾತಿ. ಗುಲಾಬಿಗೆ ಒಂದು ಚೌಕ, ದಾಳಿಂಬೆಗೆ ಬೇರೆ ಚೌಕ.

ನೋಡೋಕೆ ಚೆಂದ ಅಂತ ಮಾತ್ರ ಅಂದ್ಕೋಬೇಡಿ. ಒಂದೇ ಜಾತಿಯ ಗಿಡ ಒಂದೇ ಕಡೆ ಇದ್ರೆ ಎಲ್ಲಕ್ಕೂ ಬೇಕಾಗೋ ನೀರು ಒಂದೇ, ಬಿಸಿಲು ಒಂದೇ, ಗೊಬ್ಬರ ಒಂದೇ. ದಾಳಿಂಬೆಗೆ ಗುಲಾಬಿಯಷ್ಟು ನೀರು ಬೇಡ. ನಾವು ಒಂದೇ ಸ್ಟ್ಯಾಂಡಲ್ಲಿ ಹತ್ತು ಜಾತಿಯ ಗಿಡ ಇಟ್ಟು ಎಲ್ಲಕ್ಕೂ ಒಂದೊಂದು ಮಗ್ ನೀರು ಸುರೀತೀವಲ್ಲ, ಆ ತಪ್ಪು 260 ವರ್ಷದ ಹಿಂದಿನ ಆ ಪಾತಿಗಳಲ್ಲಿ ಆಗೋಕೆ ಅವಕಾಶ ಕಮ್ಮಿ ಇತ್ತು.

ಭಾಗ 3/10

ಬುಕಾನನ್ ಇನ್ನೊಂದು ಮಾತು ಬರೀತಾನೆ. ದಕ್ಷಿಣ ಆಫ್ರಿಕಾದ ಕಡೆಯಿಂದ, ಅಂದ್ರೆ ಕೇಪ್ ಆಫ್ ಗುಡ್ ಹೋಪ್‌ನಿಂದ, ಬಂದ ಕೆಲವು ಗಿಡಗಳೂ ಇಲ್ಲಿ ಚೆನ್ನಾಗಿ ಬೆಳೀತಿದ್ದವಂತೆ. ಸಮುದ್ರ ದಾಟಿ ಬಂದ ಗಿಡ ಇಲ್ಲಿ ಹೇಗೆ ಒಗ್ಗಿಕೊಂಡಿತು?

ಮ್ಯಾಪ್ ತೆಗೀರಿ. ಮಂಗಳೂರು, ಬೆಂಗಳೂರು, ಚೆನ್ನೈ. ಮೂರೂ ಹತ್ತಿರ ಹತ್ತಿರ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ಒಂದೇ ಗೆರೆ. ಮೂರೂ ಊರಿಗೆ ಸೂರ್ಯ ಒಂದೇ ಎತ್ತರದಲ್ಲಿ ಬರ್ತಾನೆ. ಆದ್ರೆ ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಇಲ್ಲಿ 1,000 ಮಿ.ಮೀ. ಆಸುಪಾಸು. ಅವೆರಡೂ ಸಮುದ್ರದ ಅಂಚಲ್ಲಿವೆ, ಬೆಂಗಳೂರು 900 ಮೀಟರ್‌ಗೂ ಮೇಲೆ ಕೂತಿದೆ. ಎತ್ತರ ಹೋದಂತೆ ಗಾಳಿ ತಂಪು. ರಾತ್ರಿ ಇನ್ನೂ ತಂಪು.

ಅಂದ್ರೆ ಬಿಸಿಲು ಒಂದೇ ಆದ್ರೂ ಊರು ಒಂದೇ ಅಲ್ಲ. ಗಿಡ ಕೇಳೋದು 'ನೀನು ಯಾವ ದೇಶ' ಅಂತಲ್ಲ. 'ಇಲ್ಲಿ ರಾತ್ರಿ ಎಷ್ಟು ತಂಪು? ಮಳೆ ಯಾವಾಗ? ನೀರು ಬೇರಲ್ಲಿ ನಿಲ್ಲುತ್ತಾ, ಇಳಿದು ಹೋಗುತ್ತಾ?' ಅಂತ ಅದು ಕೇಳೋದು.

ಭಾಗ 4/10

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ ಗಿಡ ಒಂದು ನಿಮ್ಮ ಅಡುಗೆಮನೆಯಲ್ಲೇ ಇದೆ. ಸೀಮೆಬದನೆಕಾಯಿ. ನಮ್ಮ ಹಾಸ್ಟೆಲ್ ಗೆಳತಿಯರು ಮೆಸ್ ಸಾಂಬಾರಲ್ಲಿ ಅದನ್ನ ನೋಡಿದ್ರೆ ಮುಖ ಸಿಂಡರಿಸ್ತಾರೆ, ಪಾಪ!

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟ ಆಯ್ತು. ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ಕೆಲಸ ಕಲಿತವರು ಇಲ್ಲಿಗೆ ಬರೋಕೆ ಶುರುವಾದ್ರು. 1874ರಲ್ಲಿ ಬಂದವರು ಜಾನ್ ಕ್ಯಾಮರಾನ್. ಮೂವತ್ತು ವರ್ಷಕ್ಕೂ ಮಿಕ್ಕಿ ಇಲ್ಲಿದ್ರು. ತೋಟದ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚಾಗಿದ್ದು ಅವರ ಕಾಲದಲ್ಲೇ. ಸೀಮೆಬದನೆಯನ್ನ ಇಲ್ಲಿ ಬೆಳೆಸಿ ಹರಡಿದ ಶ್ರೇಯಸ್ಸು ಅವರಿಗೇ ಸಲ್ಲುತ್ತೆ.

ಸೀಮೆಬದನೆಯ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಬೆಟ್ಟಸೀಮೆ. ಸುಡೋ ಬಯಲೂ ಆಗಲ್ಲ, ಹಿಮ ಬೀಳೋ ಜಾಗವೂ ಆಗಲ್ಲ. ಬೆಚ್ಚಗಿನ ಹಗಲು, ತಂಪು ರಾತ್ರಿ, ಹಬ್ಬೋಕೆ ಒಂದು ಚಪ್ಪರ. ಬೆಂಗಳೂರು ಅಂದ್ರೆ ಅದೇ ಅಲ್ವಾ? ಎಷ್ಟು ಹೊಂದಿಕೊಳ್ತು ಅಂದ್ರೆ ತಮಿಳಿನವರು ಅದನ್ನ ಇವತ್ತಿಗೂ 'ಬೆಂಗಳೂರು ಕತ್ತರಿಕ್ಕಾಯ್' ಅಂತಾರೆ, ತೆಲುಗಿನವರು 'ಬೆಂಗಳೂರು ವಂಕಾಯ' ಅಂತಾರೆ. ನಾವು ಮಾತ್ರ 'ಸೀಮೆ' ಬದನೆ ಅಂತ ಹೊರಗಿನದಾಗೇ ಇಟ್ಟಿದ್ದೀವಿ. ಪಕ್ಕದವರು ಅದಕ್ಕೆ ನಮ್ಮೂರಿನ ಆಧಾರ್ ಕಾರ್ಡೇ ಕೊಟ್ಟುಬಿಟ್ಟಿದ್ದಾರೆ.

ಭಾಗ 5/10

ಮುಂದಿನ ಫೋಟೋ ಗಾಜಿನ ಮನೆ. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ್ರು. ಕಬ್ಬಿಣ ಎರಕ ಹೊಯ್ದಿದ್ದು ಗ್ಲಾಸ್ಗೋದಲ್ಲಿ, ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್.

ಈಗ ನೀವೇ ಹೇಳಿ. ಇಂಗ್ಲೆಂಡಿನಲ್ಲಿ ಗಾಜಿನ ಮನೆ ಯಾಕೆ ಕಟ್ತಾರೆ? ಹೊರಗಡೆ ಚಳಿಗೆ ನಮ್ಮಂಥ ಊರಿನ ತೆಂಗು, ತಾಳೆ ಜಾತಿಯ ಗಿಡಗಳು ಸಾಯ್ತವೆ ಅಂತ. ಗಾಜು ಬಿಸಿಲನ್ನ ಒಳಗೆ ಬಿಡುತ್ತೆ, ಬಿಸಿಯನ್ನ ಹೊರಗೆ ಬಿಡಲ್ಲ. ಕ್ಯೂ ತೋಟದ ಗಾಜಿನ ಮನೆಗಳು ಹಾಗೇ ಕೆಲಸ ಮಾಡ್ತವೆ. ನಮ್ಮೂರಲ್ಲಿ ತೆಂಗಿನ ಮರಕ್ಕೆ ಸ್ವೆಟರ್ ಬೇಕಾ?

ಬೇಡ. ಅದಕ್ಕೇ ಇಲ್ಲಿನ ಗಾಜಿನ ಮನೆ ಬೇರೆ ಕೆಲಸಕ್ಕೆ ಬಂತು. ಅದು ಫಲಪುಷ್ಪ ಪ್ರದರ್ಶನದ ಮಂಟಪ ಆಯ್ತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಕ್ಕೆ ನಾವು ತಳ್ಳಾಡಿಕೊಂಡು ನೋಡೋದು ಅಲ್ಲೇ. ಕಟ್ಟಡದ ಮಾದರಿ ಅಲ್ಲಿಂದ ಬಂತು, ಆದ್ರೆ ಅದರಿಂದ ಏನು ಕೆಲಸ ತಗೋಬೇಕು ಅನ್ನೋದನ್ನ ಈ ಊರಿನ ಹವೆ ತೀರ್ಮಾನ ಮಾಡಿತು.

ಈ ಮಾತು ನೆನಪಿಟ್ಟುಕೊಳ್ಳಿ. ನನ್ನ ಮಲ್ಲಿಗೆ ಕೊಲೆ ಕೇಸಿಗೆ ಇದೇ ಮುಖ್ಯ ಸಾಕ್ಷಿ.

ಭಾಗ 6/10

ಬೆಂಗಳೂರಿನ ಬಣ್ಣ ಬರೆದವರ ಕಥೆ ಈಗ. ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಹತ್ತಿರ 1865ರಲ್ಲಿ ಹುಟ್ಟಿದವರು. ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಮಹಾರಾಜರ ತೋಟಗಳಿಗೆ ಬಂದ್ರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ, ಲಾಲ್‌ಬಾಗ್‌ಗೆ. ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ, 1956ರಲ್ಲಿ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರದೇ ಹೆಸರು.

ಅವರ ದೊಡ್ಡ ಯೋಚನೆ: ಊರಿನ ರಸ್ತೆಗಳಲ್ಲಿ ಮರಗಳನ್ನ ಸರದಿಯಂತೆ ನೆಡೋದು. ಒಂದು ಜಾತಿಯ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಶುರು ಮಾಡಬೇಕು. ನಿಮ್ಮ ಗ್ಯಾಲರಿ ತೆಗೆದು ತಾರೀಖು ನೋಡಿ. ಫೆಬ್ರವರಿ ಹೊತ್ತಿಗೆ ಹಳದಿ ಟಬೂಬಿಯಾ, ಮಾರ್ಚ್‌ನಲ್ಲಿ ನೇರಳೆ ಜಕರಂದಾ, ಏಪ್ರಿಲ್–ಮೇನಲ್ಲಿ ಕೆಂಪು ಗುಲ್‌ಮೊಹರ್, ಮಳೆಗಾಲ ಮುಗಿದ ಮೇಲೆ ಆಕಾಶಮಲ್ಲಿಗೆ. ನಮ್ಮ ರೀಲ್ಸ್‌ಗೆಲ್ಲಾ ಬ್ಯಾಕ್‌ಗ್ರೌಂಡ್ ಕೊಟ್ಟಿದ್ದು ಈ ಯೋಚನೆಯೇ.

ಆದ್ರೆ ನಂಗೆ ಇಷ್ಟ ಆಗಿದ್ದು ಅದರ ಹಿಂದಿನ ಹೊಂದಾಣಿಕೆ. ಸ್ಕೂಲಲ್ಲಿ ಮೊಗ್ಗು ಬಿಡಿಸಿ ಕೇಸರ ಸಿಕ್ಕಿಸಿ ಕೋಳಿಜಗಳ ಆಡ್ತಿದ್ವಲ್ಲ, ಆ ಗುಲ್‌ಮೊಹರ್ ಮಡಗಾಸ್ಕರ್‌ನ ಮರ. ಜಕರಂದಾ ದಕ್ಷಿಣ ಅಮೆರಿಕದ್ದು. ಟಬೂಬಿಯಾಗಳೂ ಆ ಕಡೆಯವೇ. ಇವೆಲ್ಲಾ ಒಂದಷ್ಟು ತಿಂಗಳು ಮಳೆ, ಒಂದಷ್ಟು ತಿಂಗಳು ಒಣಹವೆ ಇರೋ ಸೀಮೆಯಿಂದ ಬಂದವು. ಒಣಗಾಲ ಬಂದ್ರೆ ಎಲೆ ಉದುರಿಸಿ ನೀರು ಉಳಿಸಿಕೊಳ್ತವೆ, ಬರಿಗೊಂಬೆಯಲ್ಲಿ ಹೂ ತುಂಬಿಕೊಳ್ತವೆ. ನಮ್ಮೂರಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಮ್ಮಿ. ಆ ಮರಗಳ ಪಾಲಿಗೆ ಇದು ತವರಿನದೇ ಲೆಕ್ಕ.

ಭಾಗ 7/10

ಈಗ ಕೇಸ್ ಬಿಡಿಸೋಣ.

ಗಿಡ ಸತ್ತ ಮೇಲೆ ನಾನು ವಿಡಿಯೋಗಳಲ್ಲಿ ನೋಡಿದ್ದು ಒಂದೇ ಮಾತು: ಉತ್ತರದ ಬಾಲ್ಕನಿ ಅಂದ್ರೆ ನೆರಳು. ಹಾಗಿದ್ರೆ ಮೇ, ಜೂನ್‌ನಲ್ಲಿ ಅದೇ ಜಾಗದಲ್ಲಿ ಮಲ್ಲಿಗೆ ಹೂ ಬಿಟ್ಟಿದ್ದು ಹೇಗೆ?

'ಶೂನ್ಯ ನೆರಳಿನ ದಿನ' ನೆನಪಿದೆಯಾ? ಏಪ್ರಿಲ್ ಕೊನೆಯಲ್ಲಿ ಒಂದು ದಿನ, ಆಗಸ್ಟ್ ನಡುವಿನಲ್ಲಿ ಒಂದು ದಿನ, ನಡುಮಧ್ಯಾಹ್ನ ಬೆಂಗಳೂರಲ್ಲಿ ನೇರವಾಗಿ ನಿಲ್ಲಿಸಿದ ಬಾಟಲಿಗೆ ನೆರಳೇ ಬೀಳಲ್ಲ. ಸೂರ್ಯ ಸರಿಯಾಗಿ ನೆತ್ತಿ ಮೇಲಿರ್ತಾನೆ. ಈ ಎರಡು ದಿನಗಳ ನಡುವೆ ಏನಾಗುತ್ತೆ? ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರ್ತಾನೆ! ಆ ನಾಲ್ಕು ತಿಂಗಳು ಉತ್ತರದ ಬಾಲ್ಕನಿಗೂ ಬಿಸಿಲು ಬೀಳುತ್ತೆ, ಮುಖ್ಯವಾಗಿ ಬೆಳಗ್ಗೆ ಮತ್ತು ಸಂಜೆ. ಸೆಪ್ಟೆಂಬರ್ ಕೊನೆಯಾದ ಮೇಲೆ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲ್ತಾನೆ. ಬಾಲ್ಕನಿಗೆ ಬೆಳಕು ಬರುತ್ತೆ, ಬಿಸಿಲು ಬರಲ್ಲ.

ಲಂಡನ್ ಇರೋದು 51 ಡಿಗ್ರಿ ಉತ್ತರದಲ್ಲಿ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ ಇರ್ತಾನೆ. ಆ ಕಡೆಯವರ ತೋಟದ ನಿಯಮ ಆ ಕಡೆಗೆ ಸರಿ. ಗಾಜಿನ ಮನೆ ನೆನಪಿಸಿಕೊಳ್ಳಿ. ಮಾದರಿ ತರಬಹುದು, ಸೂರ್ಯನನ್ನ ತರೋಕಾಗಲ್ಲ.

ನಾನು ಗಿಡ ತಂದಿದ್ದು ಮೇನಲ್ಲಿ. ಬಿಸಿಲು ಇತ್ತು, ಮಲ್ಲಿಗೆಗೂ ಅದು ಹೂಗಾಲ. ಸೆಪ್ಟೆಂಬರ್ ಆದಮೇಲೆ ಬಿಸಿಲು ಹೋಯ್ತು. ಬಿಸಿಲಿಲ್ಲದ ಗಿಡ ನೀರು ಕುಡಿಯೋದು ಕಮ್ಮಿ. ನಾನೋ, ಎಲೆ ಹಳದಿ ಆಯ್ತು ಅಂತ ನೀರು ಜಾಸ್ತಿ ಮಾಡಿದೆ. ಕುಂಡದ ಮಣ್ಣು ಒಣಗಲೇ ಇಲ್ಲ. ಬೇರು ಕೊಳೀತು. ಕುಂಡ ಬುಡಮೇಲು ಮಾಡಿ ನೋಡಿದಾಗ ಬೇರು ಕಪ್ಪಗೆ ಮೆತ್ತಗಿತ್ತು, ವಾಸನೆ ಬೇರೆ.

ಕೈಗುಣ ಅಲ್ಲ. ಸೂರ್ಯ ದಿಕ್ಕು ಬದಲಿಸಿದ, ನಾನು ಗಮನಿಸಲಿಲ್ಲ. ತಪ್ಪು ಎಂಟ್ರಿ ಸಿಕ್ಕಿತು, ಅದೂ ನನ್ನ ಹೆಸರಲ್ಲಿ.

ಭಾಗ 8/10

ಇಲ್ಲಿಗೇ ಮುಗಿಸಿದ್ರೆ 'ಗಿಡಕ್ಕೆ ಜಾಗ ಹೊಂದಿದ್ರೆ ಸಾಕು' ಅಂತ ಆಗುತ್ತೆ. ಇತಿಹಾಸ ಅದಕ್ಕೂ ಒಂದು ಎಚ್ಚರಿಕೆ ಕೊಡುತ್ತೆ.

ನೀಲಗಿರಿ ಮರ ಆಸ್ಟ್ರೇಲಿಯಾದ್ದು. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದ ಅಂತ ಹೇಳ್ತಾರೆ. ಒಣನೆಲಕ್ಕೆ ಒಗ್ಗುತ್ತೆ, ಬೇಗ ಬೆಳೆಯುತ್ತೆ, ದನ ತಿನ್ನಲ್ಲ. ಸರಿಯಾದ ಜೋಡಿ ಅಂತ ಆಮೇಲೆ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲೆಲ್ಲಾ ಎದ್ದವು. ಮೊದಲೇ ಮಳೆ ಕಮ್ಮಿ ಇರೋ ಸೀಮೆ. ಅಂತರ್ಜಲ ಇಳಿಯೋಕೆ ಈ ತೋಪುಗಳೂ ಒಂದು ಕಾರಣ ಅಂತ ರೈತರು ವರ್ಷಗಟ್ಟಲೆ ಕೂಗಿದ್ರು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನೇ ನಿಷೇಧಿಸಿತು.

ಲಂಟಾನದ ಕಥೆಯೂ ಹೀಗೇ. ಬಣ್ಣಬಣ್ಣದ ಹೂ ಚೆಂದ ಅಂತ ಬ್ರಿಟಿಷರ ಕಾಲದಲ್ಲಿ ಅಮೆರಿಕ ಖಂಡದಿಂದ ತೋಟದ ಗಿಡವಾಗಿ ಬಂತು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಲ್ಲಿ ಹುಲ್ಲು ಬೆಳೆಯೋ ಜಾಗವನ್ನೆಲ್ಲಾ ತಿಂದುಹಾಕಿದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೀತಾರೆ. ಆದ್ರೂ ಕಾಡಲ್ಲಿ ಅದು ಕಮ್ಮಿ ಆಗ್ತಿಲ್ಲ.

ಹಾಗಾಗಿ ಹೊಂದಾಣಿಕೆ ಎರಡೂ ಕಡೆಯಿಂದ ನೋಡ್ಬೇಕು. ಜಾಗ ಗಿಡಕ್ಕೆ ಹೊಂದುತ್ತಾ ಅನ್ನೋದು ಮೊದಲ ಪ್ರಶ್ನೆ. ಗಿಡ ಜಾಗಕ್ಕೆ, ಅಕ್ಕಪಕ್ಕದವರಿಗೆ ಹೊಂದುತ್ತಾ ಅನ್ನೋದು ಎರಡನೇದು. ಮದುವೆ ಮಾತುಕತೆಯಲ್ಲಿ ಒಂದೇ ಕಡೆಯವರನ್ನ ಕೇಳಿದ್ರೆ ಆಗುತ್ತಾ?

ಭಾಗ 9/10

ಇಷ್ಟೆಲ್ಲಾ ಹುಡುಕಿ, ಒಂದು ಸಂಜೆ ಅಜ್ಜಿ ಪಕ್ಕ ಕೂತು ಎಲ್ಲಾ ಹೇಳಿದೆ. ಹೈದರಾಲಿ, ಕ್ಯಾಮರಾನ್, ಕ್ರುಂಬಿಗಲ್, ಸೂರ್ಯ ಉತ್ತರಕ್ಕೆ ಹೋಗೋದು, ಎಲ್ಲಾ. ಅಜ್ಜಿ ಎಲೆಗೆ ಸುಣ್ಣ ಸವರ್ತಾ ಕೇಳಿಸಿಕೊಂಡ್ರು.

"ಉತ್ತರಾಯಣ ದಕ್ಷಿಣಾಯನ ಅಂತ ನಾವೂ ಅಂತೀವಲ್ಲಮ್ಮ. ಅದಕ್ಕೆ ಇಷ್ಟು ಓದ್ಬೇಕಾ?"

ಆಮೇಲೆ ಅವರೇ ಊರಿನ ತೋಟ ವಿವರಿಸಿದ್ರು. ಎಲ್ಲಕ್ಕಿಂತ ಮೇಲೆ ತೆಂಗು. ಅದರ ಕೆಳಗೆ ಅಡಿಕೆ. ಅಡಿಕೆ ಮರಕ್ಕೆ ಹಬ್ಬಿದ ಎಲೆಬಳ್ಳಿ. ನಡುನಡುವೆ ಬಾಳೆ. ಮೇಲಿನವರು ಬಿಸಿಲು ತಗೊಂಡು, ಸೋಸಿ, ಕೆಳಗಿನವರಿಗೆ ಬೇಕಾದಷ್ಟೇ ಬಿಡ್ತಾರೆ. ಎಲೆಬಳ್ಳಿ ಬಿಸಿಲಿಗೆ ಬಿದ್ರೆ ಸುಟ್ಟುಹೋಗುತ್ತೆ.

"ಮಲ್ಲಿಗೆ ಎಲ್ಲಿ ಹಾಕಿದ್ರಿ ಅಜ್ಜಿ?"

"ತೋಟದೊಳಗೆ ಯಾರಾದ್ರೂ ಮಲ್ಲಿಗೆ ಹಾಕ್ತಾರಾ? ಅಂಗಳದಲ್ಲಿ, ಬಿಸಿಲಿಗೆ."

ಹೇಳಿ ಒಂದು ಕ್ಷಣ ಸುಮ್ಮನಾದ್ರು. ಅವರಿಗೂ ಆಗ ಹೊಳೀತು ಅನ್ಸುತ್ತೆ. ನಮ್ಮ ಬಾಲ್ಕನಿ ಅಂಗಳ ಅಲ್ಲ, ತೋಟದೊಳಗಿನ ನೆರಳು.

ನೋಡಿ, ಈ ಜ್ಞಾನ ಕ್ಯೂ ತೋಟದಲ್ಲಿ ಮಾತ್ರ ಇರ್ಲಿಲ್ಲ. ನಮ್ಮ ಭಾಷೆಯಲ್ಲೇ ಬರೆದಿಟ್ಟಿದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ. ಮೂರೂ ಬೇರೆ ಬೇರೆ, ಮೂರಕ್ಕೂ ಜಿಐ ಟ್ಯಾಗ್ ಇದೆ. ನಂಜನಗೂಡು ರಸಬಾಳೆ, ಉಡುಪಿ ಮಟ್ಟುಗುಳ್ಳ. ಗಿಡದ ಹೆಸರಿನ ಹಿಂದೆ ಊರಿನ ಹೆಸರು ಸೇರಿಸಿದ್ದು ಅಭಿಮಾನಕ್ಕೆ ಮಾತ್ರ ಅಲ್ಲ. 'ಇದಕ್ಕೆ ಈ ಮಣ್ಣು, ಈ ನೀರು, ಈ ಹವೆ ಬೇಕು' ಅಂತ ತಲೆಮಾರುಗಳು ಪರೀಕ್ಷೆ ಮಾಡಿ ಬರೆದ ವಿಳಾಸ ಅದು. ಪುಸ್ತಕದಲ್ಲಿ ಹೆಸರಿರೋದು ಕ್ಯಾಮರಾನ್, ಕ್ರುಂಬಿಗಲ್‌ದು. ಪಾತಿ ಕಟ್ಟಿದ ಮಾಲಿಗಳದ್ದು, ಅಂಗಳ ಯಾವುದು, ತೋಟ ಯಾವುದು ಅಂತ ತಿಳಿದಿದ್ದ ಅಜ್ಜಿಯರದ್ದು ಇಲ್ಲ.

ಭಾಗ 10/10

ಕೊನೆಯ ಫೋಟೋ ಈ ವಾರದ್ದು. ಬಾಲ್ಕನಿಯಲ್ಲಿ ಈಗ ಎಲೆಬಳ್ಳಿ ಇದೆ. ಅಜ್ಜಿಯೇ ಊರಿಂದ ಬಂದವರ ಕೈಲಿ ತುಂಡು ತರಿಸಿ ನೆಟ್ಟಿದ್ದು. ಗ್ರಿಲ್ ಹಿಡಿದು ಏಳು ಎಲೆ ಬಿಟ್ಟಿದೆ. ಪಕ್ಕದಲ್ಲಿ ದೊಡ್ಡಪತ್ರೆ. ಹೊಸ ಮಲ್ಲಿಗೆ ಕುಂಡ ಮನೆ ಮಾಲೀಕರನ್ನ ಕೇಳಿ ಟೆರೇಸ್‌ಗೆ ಹೋಯ್ತು. ಮಂಡಿನೋವಲ್ಲಿ ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೆ ನಾನು ದಿನಾ ಒಂದು ಫೋಟೋ ತೆಗೆದು ತೋರಿಸ್ತೀನಿ. ಇನ್ನೂ ಹೂ ಬಿಟ್ಟಿಲ್ಲ. ಚಿಗುರು ಬಂದಿದೆ, ಅಷ್ಟೇ. ಮೊನ್ನೆ ಫೋಟೋ ನೋಡಿ, "ತುದಿ ಚಿವುಟು, ಕವಲೊಡೀಲಿ" ಅಂದ್ರು. ಎಷ್ಟೋ ತಿಂಗಳಾದ ಮೇಲೆ ಅಜ್ಜಿ ಗಿಡದ ಬಗ್ಗೆ ಆರ್ಡರ್ ಮಾಡಿದ್ದು. ನಂಗೆ ಅದೇ ಮೊದಲ ಹೂ.

ನಿಮಗೊಂದು ಹೋಮ್‌ವರ್ಕ್. ಗಿಡ ತರೋ ಮುಂಚೆ ಒಂದು ಭಾನುವಾರ ಜಾಗ ನೋಡಿ. ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ, ಬಿಸಿಲು ಎಲ್ಲಿ ಬಿದ್ದಿದೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಐದಾರು ಗಂಟೆ ನೇರ ಬಿಸಿಲು ಸಿಕ್ಕಿದ್ರೆ ಮಲ್ಲಿಗೆ, ಗುಲಾಬಿ, ದಾಸವಾಳ, ಟೊಮೆಟೊ. ಎರಡು ಮೂರು ಗಂಟೆ ಎಳೆಬಿಸಿಲು ಅಂದ್ರೆ ಕನಕಾಂಬರ, ಪುದೀನ, ದೊಡ್ಡಪತ್ರೆ. ಬರೀ ಬೆಳಕು ಅಂದ್ರೆ ಎಲೆಬಳ್ಳಿ, ಜರೀಗಿಡ, ಮನಿಪ್ಲಾಂಟ್. ಡಿಸೆಂಬರ್‌ನಲ್ಲಿ ಒಂದು ಸಲ, ಜೂನ್‌ನಲ್ಲಿ ಇನ್ನೊಂದು ಸಲ ನೋಡಿ, ಗೆರೆ ಜಾಗ ಬದಲಿಸಿರುತ್ತೆ. ನೀರು ಹಾಕೋ ಮುಂಚೆ ಬೆರಳನ್ನ ಮಣ್ಣಿಗೆ ಎರಡು ಗೆಣ್ಣು ಇಳಿಸಿ. ಒದ್ದೆ ಇದ್ರೆ ಮಗ್ ವಾಪಸ್.

ಇನ್ನೊಂದು ಮಾತು, ಇದು ಗಿಡದ ಬಗ್ಗೆ ಮಾತ್ರ ಅಲ್ಲ. ಊರು ಬಿಟ್ಟು ಹಾಸ್ಟೆಲ್‌ಗೆ ಬಂದು ಬಾಡಿಹೋಗಿರೋ ಒಬ್ಬರಾದ್ರೂ ನಮ್ಮ ಕ್ಲಾಸಲ್ಲಿ ಇದ್ದಾರೆ. ಮನೆ ಬದಲಾಗಿ ಮಾತು ಕಮ್ಮಿ ಮಾಡಿರೋ ಅಜ್ಜಿ ತಾತ ನಿಮ್ಮನೆಯಲ್ಲೂ ಇರಬಹುದು. 'ಇವರು ಯಾಕೆ ಹೀಗೆ' ಅಂತ ಕೇಳೋ ಮುಂಚೆ 'ಇವರಿಗೆ ಬಿಸಿಲು ಎಲ್ಲಿಂದ ಬರ್ತಿತ್ತು' ಅಂತ ಒಂದು ಸಲ ಕೇಳಿ ನೋಡಿ.

ನಿಮ್ಮ ಬಾಲ್ಕನಿ ಯಾವ ದಿಕ್ಕು? ಯಾವ ಗಿಡ ಸತ್ತಿತು? ಕಾಮೆಂಟಲ್ಲಿ ಹಾಕಿ, ಎಂಟ್ರಿ ಎಲ್ಲಿ ತಪ್ಪಿದೆ ಅಂತ ಸೇರಿ ಹುಡುಕೋಣ. ನನಗೆ ಗೊತ್ತಾಗದಿದ್ರೆ ಅಜ್ಜಿ ಇದ್ದಾರೆ. ಈಗ ಬಾಲ್ಕನಿಯಲ್ಲೇ ಕೂತಿರ್ತಾರೆ.

#ಲಾಲ್‌ಬಾಗ್ #ಗಿಡದಕಥೆ #ಕೈಗುಣ #ನಮ್ಮಬೆಂಗಳೂರು